ಬೆಣ್ಣೆ ಪಾರ್ಟಿ, ಅರ್ಧ ತಟ್ಟೆ ಪಾರ್ಟಿ ಮತ್ತು ಗಿರಿಜಮ್ಮನವರ ಏಳು ಕೆಜಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಾವಳಿಯ ಎಂಟು ಜನರ ತೂಕವನ್ನು ಪ್ರತಿ ಸೋಮವಾರ ನಾನೇ ಹೋಗಿ ನೋಡಬೇಕಿತ್ತು. ಆರು ವಾರ ಹೋಗಲಿಲ್ಲ. ಮಳೆ ಇತ್ತು, ಬೈಕಿನ ಹಿಂದಿನ ಟೈರು ಸವೆದಿತ್ತು, ದಾರಿಯಲ್ಲಿ ಜಿಗಣೆ ಇತ್ತು. ಈ ಮೂರೂ ನಿಜ. ನಾಲ್ಕನೆಯದು ಸೋಮಾರಿತನ, ಅದು ಉಳಿದ ಮೂರಕ್ಕಿಂತ ಹೆಚ್ಚು ನಿಜ. ಮನೆಯಲ್ಲಿ ಕಂಬಳಿ ಹೊದ್ದು ಕೂತು, ಫೋನಿನಲ್ಲಿ ಬೇರೆಯವರು ಹೇಳಿದ ಅಂಕಿಗಳನ್ನು ಗೀಚಿಕೊಂಡು, 'ಖುದ್ದು ನೋಡಿದ್ದೇನೆ' ಎಂಬ ಕಾಲಮ್ಮಿನಲ್ಲಿ ಠೀವಿಯಿಂದ ಸಹಿ ಹಾಕಿದೆ. ಆ ಸಹಿಯಿಂದ ಒಬ್ಬ ಹೆಂಗಸಿನ ಮಂಡಿ ಆಪರೇಷನ್ ಕೈತಪ್ಪಿತು.

ವೃತ್ತಿ ಅನುಭವ ಬರೆಯುವವರು ಸಾಮಾನ್ಯವಾಗಿ ಅರವತ್ತು ದಾಟಿ, ಶಾಲು ಹೊದೆಸಿಕೊಂಡು, ಒಂದು ಕೆಮ್ಮು ಕೆಮ್ಮಿ ಶುರು ಮಾಡುತ್ತಾರೆ. ನನಗೆ ಇಪ್ಪತ್ತೊಂಬತ್ತು. ಮೂಡಿಗೆರೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮೂರು ವರ್ಷಗಳ ಸುದೀರ್ಘ ಸೇವೆ ಸಲ್ಲಿಸಿ ನಿವೃತ್ತನಾಗಿದ್ದೇನೆ. ಈಗ ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಬೇರೆಯವರ ದನಿ ಅನುಕರಿಸಿ ಬದುಕುತ್ತೇನೆ. ಬಡ್ತಿಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ವಿನಯದಿಂದಲ್ಲ, ಒಂದೂ ಸಿಗಲಿಲ್ಲ. ನನ್ನ ಜಾಗಕ್ಕೆ ಬರುವವರಿಗೆ ಒಂದಷ್ಟು ಬುದ್ಧಿ ಬರಲಿ ಎಂದು ಬರೆಯುತ್ತಿದ್ದೇನೆ. ನನಗೆ ಬಂದದ್ದು ತಡವಾಗಿ.

ಕ್ಲಿನಿಕ್ಕು ಡಾಕ್ಟರ್ ವಸುಧಾ ಅವರದು. ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಮೆಲ್ಲಗೆ ಮಾತಾಡಿ, ಕೊನೆಗೆ ಪೆನ್ನಿನ ಗುಂಡಿಯನ್ನು ಒಮ್ಮೆ ಟಕ್ ಎನಿಸಿ, "ಅರ್ಥ ಆಯ್ತಾ?" ಅನ್ನುತ್ತಾರೆ. ಆ ಟಕ್ ಕೇಳಿದರೆ ಆರಡಿ ಎತ್ತರದ ಪ್ಲಾಂಟರುಗಳೂ ಶಾಲೆಯ ಮಕ್ಕಳಂತೆ ತಲೆಯಾಡಿಸುತ್ತಿದ್ದರು. ಕೆಲಸಕ್ಕೆ ಸೇರಿದ ಎರಡನೇ ದಿನಕ್ಕೇ ನಾನು ಅವರ ದನಿ, ಟಕ್ಕು, ಎರಡನ್ನೂ ಕಲಿತಿದ್ದೆ. ನನ್ನ ಹುದ್ದೆ ಫೀಲ್ಡ್ ಅಸಿಸ್ಟೆಂಟ್. ಅಂದರೆ ತೂಕದ ಮೆಷಿನ್ನನ್ನು ಬೈಕಿಗೆ ಕಟ್ಟಿಕೊಂಡು ಊರೂರು ತಿರುಗಿ, ಜನರನ್ನು ಅದರ ಮೇಲೆ ಹತ್ತಿಸಿ, ಅವರ ಕೈಲಿ ಬೈಸಿಕೊಂಡು ಬರುವುದು.

ನಾನು ಸೇರಿದ ಎರಡನೇ ವರ್ಷ ನಮ್ಮ ಕಡೆ ಬೆಣ್ಣೆಯ ಗಾಳಿ ಬೀಸಿತು. ಅನ್ನ, ರೊಟ್ಟಿ, ಕಡುಬು, ಬೆಲ್ಲ ಎಲ್ಲ ಬಿಟ್ಟು ಬೆಣ್ಣೆ, ತುಪ್ಪ, ಪನೀರ್, ತೆಂಗಿನಕಾಯಿ ಎಷ್ಟು ಬೇಕಾದರೂ ತಿನ್ನಿ, ಮೈ ತಾನಾಗಿ ಕರಗುತ್ತದೆ ಎಂದು ಎಲ್ಲರ ಫೋನಿನಲ್ಲೂ ಯಾರೋ ಒಬ್ಬ ತೆಳ್ಳಗಿನ ಮನುಷ್ಯ ಹೇಳುತ್ತಿದ್ದ. ಕಳಸದ ಒಬ್ಬ ಜೀಪ್ ಡ್ರೈವರ್ ಅದನ್ನು ನಂಬಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಲೇ ಊಟ ಪೂರ್ತಿ ಬಿಟ್ಟು ತುಪ್ಪ ಹಿಡಿದ. ನಾಲ್ಕನೇ ದಿನ ಕಣ್ಣು ಕತ್ತಲಿಟ್ಟು, ಹತ್ತು ಜನ ಪ್ರಯಾಣಿಕರ ಸಮೇತ ಜೀಪನ್ನು ಯಾರದೋ ಕಾಫಿ ಗಿಡಗಳ ನಡುವೆ ತಂದು ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಡಾಕ್ಟರ್ ಪೆನ್ನು ಅವತ್ತು ಮೂರು ಸಲ ಟಕ್ ಅಂದಿತು.

"ಒಳ್ಳೇದು ಅಂತಾರೆ, ಕೆಟ್ಟದ್ದು ಅಂತಾರೆ. ಯಾರೂ ತೂಗಿ ನೋಡಿ ಹೇಳ್ತಿಲ್ಲ. ನಾವೇ ನೋಡೋಣ. ಮಾತ್ರೆ ತಗೊಳೋರು ಬೇಡ. ರಕ್ತ ಪರೀಕ್ಷೆ ಮಾಡಿಸಿ, ಹದಿನಾರು ಜನರನ್ನ ಸೇರಿಸೋಣ. ಅರ್ಥ ಆಯ್ತಾ?"

ಹೀಗೆ ಎರಡು ಪಾರ್ಟಿ ಹುಟ್ಟಿದವು. ಬೆಣ್ಣೆ ಪಾರ್ಟಿಗೆ ಅನ್ನ, ರಾಗಿ, ಗೋಧಿ, ಸಿಹಿ ಬಂದ್. ಸೊಪ್ಪು, ತುಪ್ಪ, ಪನೀರ್, ಕಾಯಿ, ಕಡಲೆಬೀಜ, ತಿನ್ನುವವರಿಗೆ ಮೊಟ್ಟೆ ಮಾಂಸ. ಅರ್ಧ ತಟ್ಟೆ ಪಾರ್ಟಿಗೆ ಮಾಮೂಲಿ ಊಟವೇ, ಆದರೆ ಅರ್ಧ, ಉಳಿದರ್ಧಕ್ಕೆ ತರಕಾರಿ. ಯಾರಿಗೆ ಯಾವುದು ಎಂಬುದನ್ನು ಅವರವರ ಆಸೆಗೆ ಬಿಡುವಂತಿಲ್ಲ, ಬಿಟ್ಟರೆ ಬೆಣ್ಣೆಯ ಮೇಲೆ ಭಕ್ತಿಯಿದ್ದವರೆಲ್ಲ ಒಂದೇ ಕಡೆ ಸೇರುತ್ತಾರೆ ಎಂದು ಡಾಕ್ಟರ್ ಚೀಟಿ ಎತ್ತಿಸಿದರು. ಒಂದೇ ಊರಿನಲ್ಲಿ ಎರಡು ಪಾರ್ಟಿ ಇದ್ದರೆ ಬೇಲಿ ದಾಟಿ ತಿನ್ನುತ್ತಾರೆಂದು ಊರಿಗೊಂದು ಚೀಟಿ. ಕಾಫಿ ಹಣ್ಣು ಕೊಯ್ಯುವ ಬುಟ್ಟಿಯೊಂದರಲ್ಲಿ ಎರಡು ಚೀಟಿ ಹಾಕಿ ನಾನೇ ಕುಲುಕಿದೆ. ಜಾವಳಿಗೆ ಬೆಣ್ಣೆ ಬಂತು. ಬಣಕಲ್‌ಗೆ ಅರ್ಧ ತಟ್ಟೆ.

ಅಲ್ಲಿಂದಲೇ ಜಗಳ. ಜಾವಳಿಯ ಗಿರಿಜಮ್ಮನವರೂ ಬಣಕಲ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ ಮಹದೇವಪ್ಪನವರೂ ಒಡಹುಟ್ಟಿದವರು. ಶಿವಪೂಜೆ ಮಾಡದೆ ಬಾಯಿಗೆ ನೀರೂ ಹಾಕದ ಮನೆತನ, ಪೂಜೆ ಮುಗಿದ ಮೇಲೆ ಏನು ಹಾಕಿದರೂ ಸೈ ಅನ್ನುವ ಮೈಕಟ್ಟು. ಮಹದೇವಪ್ಪನವರಿಗೆ ಬೆಣ್ಣೆ ಅಂದರೆ ಪ್ರಾಣ.

"ಇದೆಂಥ ನ್ಯಾಯ ಡಾಕ್ಟ್ರೇ? ಅಕ್ಕನಿಗೆ ಬೆಣ್ಣೆ, ನನಗೆ ಸೌತೆಕಾಯಿ? ಅವಳಿಗೆ ಬೆಣ್ಣೆ ಕಂಡ್ರೇ ಆಗಲ್ಲ, ಬದಲಿ ಮಾಡ್ಕೊಡಿ."

"ಚೀಟಿ ಅಂದ್ರೆ ಚೀಟಿ, ಮಹದೇವಪ್ಪನವ್ರೇ."

"ಏ ಮಾದೇವ, ಸುಮ್ಮನೆ ಕೂರೋ," ಗಿರಿಜಮ್ಮ ಗದರಿಸಿದರು. "ನಿಂಗೆ ಹೊಟ್ಟೆ ಇಳಿದ್ರೆ ಪಂಚೆ ನಿಲ್ಲುತ್ತೆ ಅಷ್ಟೆ. ನಂಗೆ ಇಳೀದಿದ್ರೆ ನಡೆಯೋಕಿಲ್ಲ."

ಅದು ತಮಾಷೆಯ ಮಾತಲ್ಲ. ಗಿರಿಜಮ್ಮನವರ ಎರಡೂ ಮಂಡಿ ಸವೆದಿದ್ದವು. ಮಂಗಳೂರಿನ ಸರ್ಜನ್ನರು, ಏಳು ಕೆಜಿ ಇಳಿಸಿಕೊಂಡು ಬಂದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಅಂದಿದ್ದರು. ಎಂಬತ್ತಾರಿದ್ದರು, ಎಪ್ಪತ್ತೊಂಬತ್ತಕ್ಕೆ ಬರಬೇಕು. ತಾವೇ ನೆಟ್ಟು ಬೆಳೆಸಿದ ನಾಲ್ಕೆಕರೆ ತೋಟವನ್ನು ಎರಡು ವರ್ಷದಿಂದ ಅವರು ಜಗುಲಿಯಿಂದಲೇ ನೋಡುತ್ತಿದ್ದರು. ಮನೆಮುಂದಿನ ಮೂರು ಮೆಟ್ಟಿಲನ್ನು ಗೋಡೆ ಹಿಡಿದು, ಅಡ್ಡಡ್ಡಲಾಗಿ, ಏಡಿಯ ಹಾಗೆ ಇಳಿಯುತ್ತಿದ್ದರು. 'ಏಡಿಯ ಹಾಗೆ' ನನ್ನ ಮಾತಲ್ಲ, ಅವರದೇ. ನಾನು ಅನುಕರಿಸಿ ತೋರಿಸಿದಾಗ, "ಇನ್ನೂ ಸ್ವಲ್ಪ ಎಡಕ್ಕೆ ವಾಲ್ಬೇಕು ಮಾರಾಯ," ಎಂದು ತಿದ್ದಿದ್ದರು.

ಮೇ ತಿಂಗಳ ಕೊನೆಗೆ ಎಲ್ಲರನ್ನೂ ಕ್ಲಿನಿಕ್ಕಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಮೊದಲ ತೂಕ ನೋಡಿದೆವು. ಜೂನ್ ಬಂತು, ಮಳೆ ಹಿಡಿಯಿತು, ನನ್ನ ಸೋಮಾರಿತನವೂ ಹಿಡಿಯಿತು. ಬಣಕಲ್ ಹೆದ್ದಾರಿಯ ಮೇಲಿದೆ, ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮಹದೇವಪ್ಪನವರ ಅಂಗಡಿಯಲ್ಲಿ ಎಂಟೂ ಜನ ಸಾಲಾಗಿ ಹತ್ತಿ ಇಳಿಯುತ್ತಿದ್ದರು. ಜಾವಳಿಗೆ ಮಾತ್ರ ಒಂದು ಉಪಾಯ ಮಾಡಿದೆ. ಅಲ್ಲಿನ ಒಂದು ಎಸ್ಟೇಟಿನಲ್ಲಿ ನಾಗಪ್ಪ ರೈಟರ್ ಎಂಬ ಹಿರಿಯರಿದ್ದರು. ತೋಟದ ಹಾಜರಿ, ಮಳೆ, ಹಣ್ಣಿನ ತೂಕ ಬರೆಯುವುದೇ ಮೂವತ್ತು ವರ್ಷದಿಂದ ಅವರ ಕೆಲಸ. ಮೆಷಿನ್ನನ್ನು ಅವರ ಕಾಫಿ ಸ್ಟೋರಿನಲ್ಲಿಟ್ಟು, "ರೈಟ್ರೇ, ನಿಮಗಿಂತ ಚೆನ್ನಾಗಿ ತೂಗೋರು ಈ ತಾಲ್ಲೂಕಲ್ಲೇ ಇಲ್ಲ," ಎಂದೆ. ಅವರು ಅದನ್ನು ಅಲ್ಲಗಳೆಯಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವರ ಫೋನು.

"ನಮಸ್ಕಾರ. ಏಳು ಗಂಟೆಗೆ ನಾಲ್ಕು ಇಂಚು."

"ರೈಟ್ರೇ, ಮಳೆ ಬೇಡ, ತೂಕ ಹೇಳಿ."

"ಹೇಳ್ತೀನಿ ತಡೀರಿ. ನಾಲ್ಕು ಇಂಚು ಬರ್ಕೊಂಡ್ರಾ?"

"ಬರ್ಕೊಂಡೆ."

"ಹಾಂ. ಗಿರಿಜಮ್ಮೋರು ಎಂಬತ್ತೂವರೆ, ನೆಟ್."

ಮಳೆ ಬರೆದುಕೊಳ್ಳದಿದ್ದರೆ ಅವರು ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಪುಟದ ಅಂಚಿನಲ್ಲಿ ಇಂಚುಗಳನ್ನೂ ಗೀಚುತ್ತಿದ್ದೆ. ಆ 'ನೆಟ್' ಎಂಬ ಪದವನ್ನು ಅವರ ಎಸ್ಟೇಟ್ ಇಂಗ್ಲಿಷಿನ ಚಟ ಅಂದುಕೊಂಡೆ. ನನ್ನ ಜಾಗಕ್ಕೆ ಬರುವವರೇ, ಯಾರಾದರೂ ಮನುಷ್ಯರ ತೂಕ ಹೇಳಿ 'ನೆಟ್' ಅಂದರೆ, ಗಾಡಿ ಹತ್ತಿ. ಟೈರು ಸವೆದಿದ್ದರೂ ಹತ್ತಿ.

ಅಂಕಿಗಳೇನೋ ಅದ್ಭುತವಾಗಿದ್ದವು. ಮೊದಲ ವಾರಕ್ಕೇ ಗಿರಿಜಮ್ಮ ಮೂರೂವರೆ ಕೆಜಿ ಇಳಿದರು. "ಅನ್ನ ಬಿಟ್ಟ ಮೊದಲ ವಾರ ಮೈಯಲ್ಲಿರೋ ನೀರು ಇಳಿಯುತ್ತೆ, ಕುಣಿಯಬೇಡ," ಅಂದರು ಡಾಕ್ಟರ್. ಮೂರನೇ ವಾರಕ್ಕೆ ಐದೂವರೆ ಕೆಜಿ. ನಾನು ಕುಣಿದೆ. ಸುದ್ದಿ ಬಣಕಲ್ ಮುಟ್ಟಿತು. ಅಲ್ಲಿ ಮಹದೇವಪ್ಪನವರು ಮೂರು ವಾರ ಸೌತೆಕಾಯಿ ಕಡಿದು ಒಂದೇ ಕೆಜಿ ಇಳಿದಿದ್ದರು. ಅದರಲ್ಲೂ ಒಂದು ಕಳ್ಳಾಟ ಇತ್ತು. ಒಂದು ಮಧ್ಯಾಹ್ನ ಹೇಳದೆ ಹೋದಾಗ ಅವರ ಮುಂದೆ ಬಡಿಸುವ ಹರಿವಾಣದಂಥ ತಟ್ಟೆಯೊಂದಿತ್ತು, ಅದರ ಅರ್ಧಕ್ಕೆ ಅನ್ನದ ಗುಡ್ಡೆ.

"ಇದೆಂತ ಮಹದೇವಪ್ಪನವ್ರೇ?"

"ಅರ್ಧ ತಟ್ಟೆ."

"ತಟ್ಟೆ ಯಾವುದು?"

"ಅದನ್ನ ನಿಮ್ಮ ಡಾಕ್ಟ್ರು ಹೇಳ್ಲಿಲ್ಲಲ್ಲ."

ಅವತ್ತಿನಿಂದ ಕ್ಲಿನಿಕ್ಕಿನಿಂದಲೇ ತಟ್ಟೆ ಕೊಡುವ ಪದ್ಧತಿ ಬಂತು. ಈ ವೃತ್ತಿಗೆ ನನ್ನಿಂದಾದ ಸುಧಾರಣೆ ಇದೊಂದೇ.

ನಾಲ್ಕನೇ ವಾರ ಎರಡು ದಿನ ಬಿಸಿಲು ಬಿತ್ತು. ರೈಟರ್ ಫೋನ್ ಮಾಡಿದರು: "ಮಳೆ ಸೊನ್ನೆ. ಗಿರಿಜಮ್ಮೋರು ಎಂಬತ್ತೆರಡೂವರೆ, ನೆಟ್."

ಒಂದೇ ವಾರದಲ್ಲಿ ಎರಡು ಕೆಜಿ ವಾಪಸ್! ಜಾವಳಿಯ ಎಂಟೂ ಜನ ದಪ್ಪವಾಗಿದ್ದರು. ಡಾಕ್ಟರ್ ಗಿರಿಜಮ್ಮನವರನ್ನು ಕರೆಸಿ ಮೆಲ್ಲಗೆ ಕೇಳಿದರು, "ನಿಜ ಹೇಳಿ, ಏನು ತಿಂದ್ರಿ?"

"ಶಿವನಾಣೆ, ಒಂದಗುಳು ಮುಟ್ಟಿಲ್ಲ ಡಾಕ್ಟ್ರೇ."

"ಒಂದು ಕಡುಬು? ಅರ್ಧ ರೊಟ್ಟಿ? ಬೈಯಲ್ಲ, ಹೇಳಿ."

ಗಿರಿಜಮ್ಮ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಅವರು ಹೋದ ಮೇಲೆ ನಾನು ನರ್ಸುಗಳ ಮುಂದೆ, ಸೆರಗಿನೊಳಗೆ ಕಡುಬು ಬಚ್ಚಿಟ್ಟುಕೊಂಡು ಏಡಿಯ ಹಾಗೆ ಅಡುಗೆಮನೆಯಿಂದ ಜಾರಿಕೊಳ್ಳುವ ಗಿರಿಜಮ್ಮನವರನ್ನು ಅಭಿನಯಿಸಿದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ನಗು ನೆನಪಾದಾಗೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ, ಏಕೆಂದರೆ ಆ ಹೆಂಗಸು ನಿಜಕ್ಕೂ ಒಂದಗುಳು ಮುಟ್ಟಿರಲಿಲ್ಲ. ಅವರ ಮನೆಯಲ್ಲಿ ಬೇಯಿಸಿದ ಕಡುಬನ್ನೆಲ್ಲ ಬೇರೆ ಯಾರೋ ತಿನ್ನುತ್ತಿದ್ದರು. ಯಾರು ಎಂಬುದನ್ನು ಮುಂದೆ ಹೇಳುತ್ತೇನೆ.

ಇದರ ನಡುವೆ ಮಹದೇವಪ್ಪನವರ ತಾಳ್ಮೆ ಕೆಟ್ಟಿತ್ತು. ಅಕ್ಕ ಬೆಣ್ಣೆಯಿಂದ ಐದೂವರೆ ಕೆಜಿ ಇಳಿದಳು ಎಂದು ಕೇಳಿದ ದಿನವೇ ಅವರು ಗುಟ್ಟಾಗಿ ಅರ್ಧ ತಟ್ಟೆ ಅನ್ನದ ಮೇಲೆ ಬೆಣ್ಣೆ ಹಾಕಿಕೊಳ್ಳತೊಡಗಿದ್ದರು. ಅವರನ್ನು ನೋಡಿ ಬಣಕಲ್‌ನ ಉಳಿದ ಏಳು ಜನರೂ ಶುರುಮಾಡಿದರು. ಐದನೇ ವಾರ ಬಣಕಲ್ ಪಾರ್ಟಿ ಇಡಿಯಾಗಿ ಒಂದೊಂದು ಕೆಜಿ ಏರಿತ್ತು.

"ಅನ್ನಾನೂ ತಿಂದು ಬೆಣ್ಣೇನೂ ತಿಂದ್ರೆ ಹೇಗೆ ಮಹದೇವಪ್ಪನವ್ರೇ?" ಎಂದು ಕೇಳಿದೆ.

"ಅರ್ಧ ತಟ್ಟೆ ನಿಮ್ಮ ಲೆಕ್ಕಕ್ಕೆ, ಬೆಣ್ಣೆ ಅಕ್ಕನ ಲೆಕ್ಕಕ್ಕೆ. ಎರಡೂ ಇಳಿಸ್ತವೆ ಅಂದ್ಮೇಲೆ ಡಬಲ್ ಇಳೀಬೇಕಿತ್ತಪ್ಪ!"

ಆರನೇ ಸೋಮವಾರ ಆಕಾಶವೇ ತೂತಾದಂತೆ ಸುರಿದಿತ್ತು. ರೈಟರ್ ದನಿಯಲ್ಲಿ ಹೆಮ್ಮೆ. "ಆರು ಇಂಚು! ಗಿರಿಜಮ್ಮೋರು ಎಪ್ಪತ್ತೊಂಬತ್ತು. ನೆಟ್."

ಎಪ್ಪತ್ತೊಂಬತ್ತು! ಗಿರಿಜಮ್ಮ ಅವತ್ತೇ ಮಂಗಳೂರಿಗೆ ಫೋನು ಮಾಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡರು. ನೆಂಟರಿಗೆಲ್ಲ ತಿಳಿಸಿದರು. ಕ್ಲಿನಿಕ್ಕಿಗೆ ಒಂದು ಡಬ್ಬಿ ಏಲಕ್ಕಿ ಕಳಿಸಿದರು. ಡಾಕ್ಟರ್ ಆ ಡಬ್ಬಿಯನ್ನು ಪಕ್ಕಕ್ಕಿಟ್ಟು ನನ್ನ ಪುಸ್ತಕ ತೆರೆದರು. ಒಂದೊಂದೇ ಪುಟ ತಿರುಗಿಸಿದರು. ಬೆರಳು ತೂಕದ ಮೇಲಿಂದ ಅಂಚಿಗೆ, ಅಂಚಿನಿಂದ ತೂಕಕ್ಕೆ ಓಡಾಡಿತು.

"ದೀಪು, ಈ ಅಂಚಲ್ಲಿ ಬರೆದಿರೋದೇನು?"

"ಮಳೆ ಮೇಡಂ. ರೈಟ್ರು ಹೇಳ್ತಾರೆ."

"ನಾಲ್ಕು ಇಂಚು ಬಿದ್ದ ವಾರ ಇಳಿದಿದಾರೆ. ಬಿಸಿಲು ಬಂದ ವಾರ ಏರಿದಾರೆ. ಆರು ಇಂಚಿಗೆ ಮತ್ತೆ ಇಳಿದಿದಾರೆ. ಎಂಟೂ ಜನ." ಪೆನ್ನು ಟಕ್ ಅನ್ನಲಿಲ್ಲ. ಅದು ಕೆಟ್ಟ ಸೂಚನೆ. "ಜಾವಳಿ ಜನರ ಕೊಬ್ಬು ಮಳೇಲಿ ತೊಳೆದುಹೋಗುತ್ತಾ? ನೀನು ಕಣ್ಣಾರೆ ನೋಡಿದೀಯ ತಾನೇ? ಸಹಿ ಇದೆ."

ನಾನು ಹೆಬ್ಬೆರಳಿನಿಂದ ಆ ಸಹಿಯನ್ನು ಮುಚ್ಚಿದೆ.

ಅರ್ಧ ಗಂಟೆಯಲ್ಲಿ ನಾವಿಬ್ಬರೂ ಅವರ ಕಾರಿನಲ್ಲಿ ಜಾವಳಿಯ ಕಾಫಿ ಸ್ಟೋರ್ ಮುಂದೆ ಇಳಿದೆವು. ನಾಗಪ್ಪ ರೈಟರ್ ಸಂಭ್ರಮದಿಂದ ಸ್ಟೂಲು ಒರೆಸಿ ಕೊಟ್ಟರು.

"ರೈಟ್ರೇ, ಹೇಗೆ ತೂಗ್ತೀರಿ, ಒಂದ್ಸಲ ತೋರಿಸಿ," ಡಾಕ್ಟರ್ ಅಂದರು.

"ಅದಕ್ಕೇನು. ಮೆಷಿನ್ ಹತ್ತಿಸ್ತೀನಿ. ಬಂದಿದ್ದರಲ್ಲಿ ಚೀಲಕ್ಕೆ ಒಂದು ಕೆಜಿ ಬಿಡ್ತೀನಿ."

"ಚೀಲ? ಮನುಷ್ಯರಿಗೆ ಯಾವ ಚೀಲ?"

"ಬಟ್ಟೆಬರೆ ಇರುತ್ತಲ್ಲ ಮೇಡಂ. ಹಣ್ಣು ತೂಗೋವಾಗ್ಲೂ ಚೀಲದ್ದು ಒಂದು ಕೆಜಿ ಬಿಡ್ತೀವಿ. ಆಮೇಲೆ ನೀರಿಗೆ. ಒದ್ದೆ ಹಣ್ಣನ್ನ ಒಣ ಹಣ್ಣಿನ ತೂಕಕ್ಕೆ ಬರೆದ್ರೆ ಧಣಿಗಳು ಬಿಡ್ತಾರಾ? ಮಳೆ ಎಷ್ಟು ಇಂಚೋ ಅಷ್ಟು ಅರ್ಧ ಕೆಜಿ. ಅದನ್ನೆಲ್ಲ ಕಳೆದು ಉಳಿದದ್ದೇ ನೆಟ್."

"ಆರು ಇಂಚಿಗೆ ಮೂರು ಕೆಜಿ ನೀರು? ಗಿರಿಜಮ್ಮನವ್ರು ಅಷ್ಟು ನೆನೆದಿದ್ರಾ?"

"ನೆನೆದಿರಲಿಲ್ಲ. ಛತ್ರಿ ಹಿಡ್ಕೊಂಡು ಬಂದು ಗಂಬೂಟು, ಜರ್ಕಿನ್ ಎಲ್ಲ ಬಿಚ್ಚಿಟ್ಟೇ ಹತ್ತಿದ್ರು. ಆದ್ರೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಮಾಡೋಕಾಗುತ್ತಾ ಮೇಡಂ? ರೂಲ್ ಅಂದ್ರೆ ಎಲ್ಲರಿಗೂ ಒಂದೇ. ಮೂವತ್ತು ವರ್ಷದಲ್ಲಿ ನನ್ನ ತೂಕಕ್ಕೆ ಯಾರೂ ಚಕಾರ ಎತ್ತಿಲ್ಲ."

ನಿಜವೇ. ಕಾಫಿ ಹಣ್ಣು ಚಕಾರ ಎತ್ತುವುದಿಲ್ಲ. ಡಾಕ್ಟರ್ ಒಂದು ಚೀಟಿಯಲ್ಲಿ ಕೂಡಿಸಿದರು: ಎಪ್ಪತ್ತೊಂಬತ್ತು, ಚೀಲದ್ದು ಒಂದು, ನೀರಿಂದು ಮೂರು. ಎಂಬತ್ತಮೂರು. ಗಿರಿಜಮ್ಮ ಇಳಿದಿದ್ದು ಏಳಲ್ಲ, ಮೂರು. ಬಿಸಿಲು ಬಂದ ವಾರ ಅವರು ಏರಿರಲೇ ಇಲ್ಲ. ಆ ವಾರ ಕಳೆಯಲು ರೈಟರಿಗೆ ನೀರು ಸಿಕ್ಕಿರಲಿಲ್ಲ, ಅಷ್ಟೆ.

"ತಪ್ಪು ರೈಟರದ್ದಲ್ಲ," ವಾಪಸ್ ಬರುವಾಗ ಡಾಕ್ಟರ್ ಅಂದರು. "ಅವರು ತಮ್ಮ ಕೆಲಸ ಮಾಡಿದ್ರು. ನೀನು ನಿನ್ನದು ಮಾಡ್ಲಿಲ್ಲ. ಗಿರಿಜಮ್ಮನವರಿಗೆ ನಾಳೆ ಸಂಜೆ ನಾನೇ ಹೋಗಿ ಹೇಳ್ತೀನಿ. ನೀನು ಏನೂ ಮಾಡಬೇಡ. ಅರ್ಥ ಆಯ್ತಾ?"

ಆಗಿತ್ತು. ಆದರೂ ಮಾಡಿದೆ.

ಮಾರನೆಯ ಬೆಳಿಗ್ಗೆ ನನಗೊಂದು ಘನವಾದ ಯೋಚನೆ ಹೊಳೆಯಿತು. ತಪ್ಪು ಮೆಷಿನ್ನಿನದು ಎಂದು ಡಾಕ್ಟರ್ ಬಾಯಿಂದಲೇ ಗಿರಿಜಮ್ಮನವರಿಗೆ ತಿಳಿದುಬಿಟ್ಟರೆ ನನ್ನ ಮರ್ಯಾದೆ ಉಳಿಯುತ್ತದೆ. ಡಾಕ್ಟರ್ ಬಾಯಿ ಹೇಗೂ ನನ್ನ ಹತ್ತಿರ ಒಂದು ಇತ್ತು. ಗಂಟಲು ಸರಿಮಾಡಿಕೊಂಡು, ಕೈಲೊಂದು ಪೆನ್ನು ಹಿಡಿದು, ಕ್ಲಿನಿಕ್ಕಿನ ಫೋನಿನಿಂದ ಕರೆ ಮಾಡಿದೆ.

"ಗಿರಿಜಮ್ಮನವ್ರೇ, ನಾನು ಡಾಕ್ಟರ್ ವಸುಧಾ ಮಾತಾಡ್ತಿರೋದು."

"ಓ, ಹೇಳಿ ಡಾಕ್ಟ್ರೇ."

"ಒಂದು ಸಣ್ಣ ತೊಂದರೆ ಆಗಿದೆ. ತೂಕದ ಮೆಷಿನ್ನಿಗೆ ತಂಪು ಹಿಡಿದು ಕಮ್ಮಿ ತೋರಿಸ್ತಿತ್ತು. ಪಾಪ, ನಮ್ಮ ದೀಪು ತುಂಬಾ ಒಳ್ಳೇ ಹುಡುಗ, ಅವನದೇನೂ ತಪ್ಪಿಲ್ಲ. ಅರ್ಥ ಆಯ್ತಾ?" ಟಕ್.

ಆ ಕಡೆ ಲೋಟ ಕೆಳಗಿಟ್ಟ ಸದ್ದು.

"ಆಯ್ತು ಡಾಕ್ಟ್ರೇ. ಇಲ್ಲಿ ನಮ್ಮ ಜಗುಲಿ ಮೇಲೆ ಇನ್ನೊಬ್ಬರು ಡಾಕ್ಟರ್ ವಸುಧಾ ಕೂತು ಕಾಫಿ ಕುಡೀತಿದಾರೆ. ಬೆಳಿಗ್ಗೆನೇ ಬಂದ್ರು. ಅವರಿಗೆ ಕೊಡ್ಲಾ, ನೀವಿಬ್ಬರೇ ಮಾತಾಡ್ಕೊಳ್ತೀರಾ?"

ಫೋನು ಕೈ ಬದಲಾಯಿಸಿತು. ಅಸಲಿ ದನಿ ಬಂತು: "ದೀಪು. ಪೆನ್ನು ಕೆಳಗಿಡು."

ಇಟ್ಟೆ.

ಮಧ್ಯಾಹ್ನ ನನ್ನನ್ನು ಜಾವಳಿಗೆ ಕರೆಸಿದರು. ಮೊದಲ ಬಾರಿಗೆ ಒದ್ದೆ ಮೆಷಿನ್ನು ಒರೆಸಿ, ಸಿಮೆಂಟು ನೆಲದ ಮೇಲೆ ಮಟ್ಟವಾಗಿಟ್ಟು, ಗಿರಿಜಮ್ಮನವರನ್ನು ನಾನೇ ಹತ್ತಿಸಿದೆ. ಎಂಬತ್ತಮೂರು. ಅವರು ಅಂಕಿಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ವಾಸಿಯಿತ್ತು.

"ತೋಟಕ್ಕೆ ಇಳೀತೀನಿ ಅಂತ ಹೊಸ ಗಂಬೂಟು ತರಿಸಿದ್ದೆ ಮಾರಾಯ," ಅಂದರು. ಅಷ್ಟೆ. ಆಮೇಲೆ ಮಂಗಳೂರಿಗೆ ಫೋನು ಮಾಡಿ, "ದಿನ ಬೇಡ, ಮುಂದೆ ಹೇಳ್ತೀನಿ," ಎಂದು ಸಣ್ಣ ದನಿಯಲ್ಲಿ ತಿಳಿಸಿದರು. ನಾನು ಸಾವಿರ ದನಿ ಅನುಕರಿಸಿದ್ದೇನೆ. ಆ ದನಿಯನ್ನು ಇಲ್ಲಿಯವರೆಗೆ ಎಲ್ಲೂ ಮಾಡಿಲ್ಲ.

ಡಾಕ್ಟರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕ್ರೂರವಾದದ್ದನ್ನು ಮಾಡಿದರು, ಕೆಲಸ ಮಾಡಿಸಿದರು. ಪರೀಕ್ಷೆ ಮೊದಲಿನಿಂದ ಶುರುವಾಯಿತು, ನಾಲ್ಕು ತಿಂಗಳು. ಹೊಸ ಪದ್ಧತಿಗಳು ಬಂದವು: ಬೆಳಿಗ್ಗೆ ಕಾಫಿಗೂ ಮುಂಚೆ ತೂಕ, ಬರಿಗಾಲು, ತೆಳು ಬಟ್ಟೆ, ಪ್ರತಿ ಸಲ ಮೊದಲು ಇಪ್ಪತ್ತು ಕೆಜಿಯ ಕಲ್ಲಿಟ್ಟು ಮೆಷಿನ್ನಿನ ಪರೀಕ್ಷೆ, ಯಾವುದನ್ನೂ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಆ ಕೊನೆಯ ಸಾಲನ್ನು ನಾಗಪ್ಪ ರೈಟರಿಗೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆವು. ಅವರು ಓದಿ, "ಹಾಗಾದ್ರೆ ಇದು ಗ್ರಾಸ್ ವೆಯ್ಟು. ನಿಮ್ಮಿಷ್ಟ," ಎಂದು ತಲೆಯಾಡಿಸಿದರು, ನಮ್ಮ ವಿದ್ಯೆಯ ಬಗ್ಗೆ ಮರುಕಪಟ್ಟು.

ಹೊಸ ಟೈರು ಹಾಕಿಸಿ ಪ್ರತಿ ಸೋಮವಾರ ನೆನೆದುಕೊಂಡು ಹೋದೆ. ಆಮೇಲೆ ತಿಳಿದದ್ದು: ತೂಗುವ ಕೆಲಸದಲ್ಲಿ ಅರ್ಧ ತೂಗುವುದು, ಅರ್ಧ ಕೂತು ಕೇಳುವುದು. ಬೆಣ್ಣೆ ಪಾರ್ಟಿಯ ಒಬ್ಬರು, ಪ್ಲಾಂಟರು, ಹಂದಿ ಸಾರು ಎಷ್ಟು ಬೇಕಾದರೂ ತಿನ್ನಬಹುದು ಎಂದು ಮೊದಲ ವಾರ ಹಬ್ಬ ಮಾಡಿದ್ದರು. ಐದನೇ ವಾರ ನನ್ನ ಕೈಹಿಡಿದು, "ಕಡುಬಿಲ್ಲದ ಹಂದಿ ಸಾರು ಅಂದ್ರೆ ಎಂತ ಹೇಳ್ಲಿ ಮಾರಾಯ, ಹೆಣ್ಣಿಲ್ಲದ ಮದುವೆ ಮನೆ," ಎಂದು ಕಣ್ಣೊರೆಸಿಕೊಂಡು ಪಾರ್ಟಿ ಬಿಟ್ಟರು. ಗಿರಿಜಮ್ಮ ಬಿಡಲಿಲ್ಲ. ನಡುವೆ ರಕ್ತ ಪರೀಕ್ಷೆಯಲ್ಲಿ ಅವರ ಕೆಟ್ಟ ಕೊಲೆಸ್ಟ್ರಾಲ್ ಏರಿದ್ದು ಕಂಡು ಡಾಕ್ಟರ್ ಬೆಣ್ಣೆ ತುಪ್ಪ ಕಡಿಮೆ ಮಾಡಿಸಿ ಕಡಲೆಬೀಜ, ಎಳ್ಳು, ಸೊಪ್ಪು ಹೆಚ್ಚು ಮಾಡಿಸಿದರು. ಎಂಬತ್ತೊಂದಕ್ಕೆ ಬಂದು ಐದು ವಾರ ಮುಳ್ಳು ಅಲ್ಲೇ ನಿಂತಿತು. ಪ್ರತಿ ಸೋಮವಾರ ಅವರು ಉಸಿರು ಬಿಗಿಹಿಡಿದು ಹತ್ತುವುದು, ನಾನು ಉಸಿರು ಬಿಗಿಹಿಡಿದು ನೋಡುವುದು, ಎಂಬತ್ತೊಂದು.

"ಉಸಿರು ಬಿಟ್ರೆ ಕಮ್ಮಿ ಆಗುತ್ತೇನೋ, ಬಿಡ್ಲಾ?" ಎಂದು ಕೇಳುತ್ತಿದ್ದರು.

ಆ ಮನೆಯಲ್ಲಿ ಬಾಕಿಯವರಿಗೆಂದು ಬೇಯಿಸಿದ ಕಡುಬು ಮಿಗುತ್ತಿತ್ತು. ಮಿಕ್ಕಿದ್ದನ್ನು ಗಿರಿಜಮ್ಮ, ಮೊದಲ ಪರೀಕ್ಷೆಯ ದಿನಗಳಿಂದಲೂ ಮೂಡಿಗೆರೆಗೆ ಬರುವವರ ಕೈಲಿ ನನಗೇ ಕಳಿಸುತ್ತಿದ್ದರು. ಈಗ ಎದುರಿಗೇ ಕೂರಿಸಿ ಬಡಿಸತೊಡಗಿದರು. ಹೌದು, ಕಡುಬಿನ ಕಳ್ಳ ನಾನೇ. ಬಣಕಲ್‌ನಲ್ಲೂ ಅದೇ, ಅರ್ಧ ತಟ್ಟೆಯವರು ಬಿಟ್ಟ ಅರ್ಧ ನನ್ನ ತಟ್ಟೆಗೆ. ಪರೀಕ್ಷೆ ಮುಗಿಯುವಾಗ ಹದಿನಾರು ಜನರಲ್ಲಿ ಹನ್ನೊಂದು ಜನ ಇಳಿದಿದ್ದರು, ತೂಗುವವನು ನಾಲ್ಕು ಕೆಜಿ ಏರಿದ್ದ.

ಕೊನೆಯ ದಿನ ಕ್ಲಿನಿಕ್ಕಿನ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಡಾಕ್ಟರ್ ತೀರ್ಪು ಹೇಳಿದರು. ಮೊದಲ ತಿಂಗಳು ಬೆಣ್ಣೆ ಪಾರ್ಟಿ ಮುಂದಿತ್ತು, ಅದರಲ್ಲಿ ಒಂದು ಪಾಲು ಬರೀ ನೀರು. ನಾಲ್ಕನೇ ತಿಂಗಳಿಗೆ ಅರ್ಧ ತಟ್ಟೆ ಪಾರ್ಟಿ ಹೆಚ್ಚುಕಮ್ಮಿ ಸಮಕ್ಕೆ ಬಂದಿತ್ತು. ಎರಡರಲ್ಲೂ, ಬಿಡದೆ ಮಾಡಿದವರು ಇಳಿದಿದ್ದರು.

"ಬೆಣ್ಣೆ ಮಂತ್ರ ಅಲ್ಲ, ಅನ್ನ ವಿಷ ಅಲ್ಲ. ಯಾರಿಗೆ ಯಾವುದು ಮಾಡೋಕಾಗುತ್ತೋ ಅದು. ಬೆಣ್ಣೆ ಕಡೆ ಹೋಗೋರು ರಕ್ತ ಪರೀಕ್ಷೆ ಬಿಡಬೇಡಿ, ಮಾತ್ರೆ ತಗೊಳೋರು ಕೇಳದೆ ಶುರು ಮಾಡಬೇಡಿ. ನಾವು ನೋಡಿದ್ದು ಹದಿನಾರು ಜನರನ್ನ. ಲೋಕಕ್ಕೆಲ್ಲ ಇದೇ ಅಂತ ಸಾರಬೇಡಿ. ಅರ್ಥ ಆಯ್ತಾ?"

ಯಾರಿಗೂ ಸಮಾಧಾನ ಆಗಲಿಲ್ಲ. ಗೆದ್ದವರು ಯಾರು ಎಂದು ತಿಳಿಯಲು ಬಂದಿದ್ದರು. "ಇಷ್ಟು ಹೇಳೋಕೆ ನಾಲ್ಕು ತಿಂಗಳು ಸೌತೆಕಾಯಿ ತಿನ್ನಿಸಿದ್ರಾ?" ಎಂದು ಐದು ಕೆಜಿ ಇಳಿದ 'ಸೋತ' ಮಹದೇವಪ್ಪನವರು ಗೊಣಗಿದರು, ಸಡಿಲವಾದ ಪಂಚೆ ಬಿಗಿಮಾಡಿಕೊಳ್ಳುತ್ತ.

ಗಿರಿಜಮ್ಮ ಅವತ್ತು ನಮ್ಮ ಮೆಷಿನ್ನಿನಲ್ಲಿ ಎಪ್ಪತ್ತೊಂಬತ್ತಕ್ಕೆ ಬಂದಿದ್ದರು. ಕೂಡಿಸದೆ, ಕಳೆಯದೆ. ಮಾರನೇ ವಾರ ಅವರು, ಮಹದೇವಪ್ಪನವರು, ಪ್ರಾಯಶ್ಚಿತ್ತವೆಂದು ನಾನು, ಮೂವರೂ ಮಂಗಳೂರಿಗೆ ಹೋದೆವು. ಘಾಟಿಯ ತಿರುವುಗಳುದ್ದಕ್ಕೂ ಗಿರಿಜಮ್ಮ ಒಂದು ಗುಟುಕು ನೀರೂ ಕುಡಿಯಲಿಲ್ಲ, ತೂಕಕ್ಕೆ ಸೇರುತ್ತದೆಂದು.

ಸರ್ಜನ್ ಬಹಳ ಸಜ್ಜನರು. ಕುರ್ಚಿಯ ಎರಡೂ ಕೈಗಳ ನಡುವೆ ಬಿಗಿಯಾಗಿ ತುಂಬಿಕೊಂಡು ಕೂತಿದ್ದರು. ಮೇಜು ಅವರ ಹೊಟ್ಟೆಗೆ ಜಾಗ ಬಿಟ್ಟು ಒಂದಡಿ ಮುಂದಕ್ಕೆ ಸರಿದಿತ್ತು. ಅವರ ಆಸ್ಪತ್ರೆಯ ಮೆಷಿನ್ನು ಎಪ್ಪತ್ತೊಂಬತ್ತೂವರೆ ತೋರಿಸಿತು.

ಸರ್ಜನ್ ಕನ್ನಡಕ ಸರಿಮಾಡಿಕೊಂಡರು. "ಇನ್ನೂ ಅರ್ಧ ಕೆಜಿ ಇದೆಯಲ್ಲಮ್ಮ."

"ಮೆಷಿನ್ ಮೆಷಿನ್ನಿಗೆ ಅಷ್ಟು ವ್ಯತ್ಯಾಸ ಬರುತ್ತೆ ಸರ್," ನಾನು ಬಾಯಿ ಹಾಕಿದೆ.

"ಸೀರೆನೇ ಅರ್ಧ ಕೆಜಿ ಇರುತ್ತೆ," ಮಹದೇವಪ್ಪನವರೂ ಹಾಕಿದರು.

"ನೋಡಿ, ನಾನು ಏಳು ಅಂದ್ರೆ ಏಳು. ತೂಕದ ವಿಷಯದಲ್ಲಿ ಶಿಸ್ತು ಇರಬೇಕಮ್ಮ. ಮಂಡಿ ಮೇಲೆ ಭಾರ ಬೀಳಬಾರದು. ಇನ್ನೊಂದು ತಿಂಗಳು ಬಾಯಿ ಕಟ್ಕೊಂಡು ಬನ್ನಿ, ಆಮೇಲೆ ನೋಡೋಣ."

ಗಿರಿಜಮ್ಮ ಮೆಷಿನ್ನಿನಿಂದ ಗೋಡೆ ಹಿಡಿದು ಅಡ್ಡಡ್ಡಲಾಗಿ ಇಳಿದರು. ಸೆರಗು ಸರಿಮಾಡಿಕೊಂಡರು. ಸರ್ಜನ್ನರನ್ನು ತಲೆಯಿಂದ ಹೊಟ್ಟೆಯವರೆಗೆ, ಹೊಟ್ಟೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು, ನೋಡಿದರು. ಆಮೇಲೆ ಅವರಾಡಿದ ಮಾತಿಗೆ ಸರ್ಜನ್ ಮೊದಲು ಕೆಂಪಾದರು, ಆಮೇಲೆ ಕುರ್ಚಿ ಕಿರುಗುಟ್ಟುವಂತೆ ನಕ್ಕರು, ಡೈರಿ ಎಳೆದುಕೊಂಡು ಮುಂದಿನ ಬುಧವಾರಕ್ಕೆ ಗಿರಿಜಮ್ಮನವರ ಹೆಸರು ಬರೆದರು. ಆ ಮಾತು ಹೀಗಿತ್ತು:

"ಹಾಗೇ ಆಗ್ಲಿ ಡಾಕ್ಟ್ರೇ. ಒಂದ್ಸಲ ನೀವೂ ಇದನ್ನ ಹತ್ತಿಬಿಡಿ. ನಿಮ್ಮದು ನನಗಿಂತ ಕಮ್ಮಿ ಬಂದ್ರೆ ನಾನು ಈಗ್ಲೇ ವಾಪಸ್ ಜಾವಳಿಗೆ ಹೋಗ್ತೀನಿ."